ಉಳವಪ್ಪ ಘಾಟಿನಲ್ಲಿ ಚಾವಿ ತಿರುವಿದ್ದು

ದಾಂಡೇಲಿಯಲ್ಲಿ ಆಗ ಬಾಡಿಗೆಗೆ ಓಡುತ್ತಿದ್ದ ಕಾರುಗಳು ಐದೋ ಆರೋ. ಅವುಗಳಲ್ಲಿ ಎಲ್ಲಕ್ಕಿಂತ ಸಾವಕಾಶವಾಗಿ ಹೋಗುತ್ತಿದ್ದದ್ದು ಉಳವಪ್ಪನ ಕೈಯಲ್ಲಿದ್ದ ಕಾರು. ಹುಡುಗನಿಗೆ ಇಪ್ಪತ್ತಾರು ತುಂಬಿರಲಿಲ್ಲ, ಆದರೆ ಸ್ಟಿಯರಿಂಗ್ ಹಿಡಿದು ಕೂತರೆ ಅರವತ್ತರ ಮುದುಕನ ಹಾಗೆ ಕಾಣುತ್ತಿದ್ದ. ಎದುರಿಗೆ ಎಮ್ಮೆ ಬಂದರೆ ಅದು ರಸ್ತೆ ದಾಟಿ, ನಿಂತು ಯೋಚನೆ ಮಾಡಿ, ಮತ್ತೆ ಮುಂದೆ ಹೋಗುವ ತನಕ ಕಾಯುತ್ತಿದ್ದ. ಉಳಿದ ಡ್ರೈವರುಗಳು ಎತ್ತಿನ ಗಾಡಿಗೆ ಹೋಲಿಸಿ ಅವನಿಗೆ ‘ಚಕ್ಕಡಿ ಉಳವಪ್ಪ’ ಎಂದು ಹೆಸರಿಟ್ಟು ನಗುತ್ತಿದ್ದರು. ನಗಲಿ. ಬಸುರಿ ಹೆಂಗಸನ್ನು ಹುಬ್ಬಳ್ಳಿಗೆ ಕರೆದೊಯ್ಯುವ ಪ್ರಸಂಗ ಬಂದಾಗ ಅದೇ ಡ್ರೈವರುಗಳ ಹೆಂಡಂದಿರು, “ಉಳವಪ್ಪ ಖಾಲಿ ಅದಾನೇನು ನೋಡ್ರಿ” ಎನ್ನುತ್ತಿದ್ದರು.

ಅವನು ಅಂಜುಬುರುಕನೆನ್ನುವುದು ಸುಳ್ಳಲ್ಲ. ಅದನ್ನು ಮುಚ್ಚಿಟ್ಟು ಅವನನ್ನು ಹುಲಿ ಮಾಡಿ ತೋರಿಸುವ ಉಸಾಬರಿ ನನಗೂ ಬೇಡ. ಹದಿನೈದರ ವಯಸ್ಸಿನಲ್ಲಿ ಬಾಬಾಜಾನನ ಗ್ಯಾರೇಜಿಗೆ ಕೆಲಸ ಕಲಿಯಲು ಹೋದಾಗ ಜ್ಯಾಕ್ ಏರಿಸಿದ ಲಾರಿಯ ಕೆಳಗೆ ನುಸುಳಲು ಒಲ್ಲೆನೆಂದು ನಿಂತಿದ್ದ. ಮೊದಲು ಚಕ್ರಕ್ಕೆ ಎರಡೂ ಕಡೆ ಕಲ್ಲಿಟ್ಟು, ಕಾಲಿನಿಂದ ಒದ್ದು ನೋಡಿ, ಆಮೇಲೆ ನುಸುಳಿದ. ಬಾಬಾಜಾನ ಉಸ್ತಾದ ಬೈಯುವುದು ಬಿಟ್ಟು, “ಇಂವ ಡ್ರೈವರ್ ಆಗ್ತಾನ” ಎಂದುಬಿಟ್ಟ. ಅಂಜಿಕೆಯನ್ನು ಗುಣವೆಂದು ಎಣಿಸಿದವನು ಆ ಊರಲ್ಲಿ ಅವನೊಬ್ಬನೇ.

ಘಾಟು ಇಳಿಯುವಾಗ ಕಟ್ಟಿಗೆ ಲಾರಿಯವರಲ್ಲಿ ಒಂದು ರೂಢಿಯಿತ್ತು. ಇಳಿಜಾರು ಶುರುವಾದ ಕೂಡಲೇ ಗೇರ್ ತೆಗೆದು, ಚಾವಿ ತಿರುವಿ ಇಂಜಿನ್ ಬಂದ್ ಮಾಡಿಬಿಡುವುದು. ಗಾಡಿ ತನ್ನ ಭಾರಕ್ಕೆ ತಾನೇ ಉರುಳುತ್ತದೆ, ಹನಿ ಎಣ್ಣೆ ಸುಡುವುದಿಲ್ಲ, ಉಳಿದದ್ದು ಡ್ರೈವರನ ಪಾಲು. ಆದರೆ ಇಂಜಿನ್ ನಿಂತ ಮೇಲೆ ಗಾಡಿಯನ್ನು ತಡೆದು ಹಿಡಿಯುವ ಕೆಲಸವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಬ್ರೇಕು ಕಾದು ಕೈಕೊಟ್ಟರೆ ದೇವರೇ ಗತಿ. ಉಳವಪ್ಪನಿಗೆ ಲೈಸನ್ಸು ಬಂದ ದಿನ ಉಸ್ತಾದ ಚಾವಿಯನ್ನು ಅವನ ಮುಷ್ಟಿಯಲ್ಲಿಟ್ಟು, ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಕಟ್ಟಿಗಿ ಹೇರಿದಾಗ ಏನಾರ ಮಾಡ್ಕೋ ಬೇಟಾ. ಕಟ್ಟಿಗಿ ಬಿದ್ರ ಇನ್ನೊಂದು ಕಟ್ಟಿಗಿ ಸಿಗತೈತಿ. ಹಿಂದ ಮಂದಿ ಕುಂತಾಗ ಇಳಿಜಾರಿನ್ಯಾಗ ಈ ಚಾವಿಗೆ ಕೈ ಹಚ್ಚಬ್ಯಾಡ. ಹಚ್ಚಂಗಿಲ್ಲ ಅನ್ನು.”

“ಹಚ್ಚಂಗಿಲ್ರಿ ಉಸ್ತಾದ” ಎಂದಿದ್ದ ಉಳವಪ್ಪ. ಐದು ವರ್ಷ ಆ ಮಾತು ತಪ್ಪಿರಲಿಲ್ಲ.

ಅವನು ಓಡಿಸುತ್ತಿದ್ದ ಕಾರು ಹಳಿಯಾಳದ ವ್ಯಾಪಾರಿ ಶಂಕ್ರಪ್ಪ ಸಾಹುಕಾರನದು. ಯುದ್ಧದ ಕಾಲದ ಗಾಡಿ. ಸ್ವಾತಂತ್ರ್ಯ ಬಂದಾಗಲೇ ಮುದುಕಾಗಿತ್ತು, ಈಗಂತೂ ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುವಿದರೆ ಹತ್ತು ಸಲ ಕೆಮ್ಮಿ ಒಮ್ಮೆ ಏಳುತ್ತಿತ್ತು. ಅಷ್ಟರಲ್ಲಿ ಗೋವಾ ನಮ್ಮ ದೇಶಕ್ಕೆ ಸೇರಿ ಅಲ್ಲಿಯ ದಾರಿ ತೆರೆಯಿತು. ವರ್ಷಗಟ್ಟಲೆ ಬಂದೂಕು ಹಿಡಿದವರು ನಿಂತಿದ್ದ ಅನಮೋಡದ ಗಡಿಯಲ್ಲಿ ಈಗ ಚಹಾದ ಅಂಗಡಿ ಬಂತು. ಸಮುದ್ರ ನೋಡಬೇಕೆನ್ನುವವರು, ಪರದೇಶದ ಗಡಿಯಾರ ಬೇಕೆನ್ನುವವರು, ಸುಮ್ಮನೆ ಹೋಗಿಬರುತ್ತೇವೆನ್ನುವವರು, ಎಲ್ಲರಿಗೂ ಕಾರು ಬೇಕು. ಅದೇ ಹೊತ್ತಿಗೆ ಸಾಹುಕಾರ ನಾಲ್ಕು ವರ್ಷದ ಹಿಂದೆ ಬರೆಸಿಟ್ಟಿದ್ದ ಹೊಸ ಅಂಬಾಸಡರಿನ ಪಾಳಿ ಬಂತು.

“ಉಳವ್ಯಾ, ನನಗ ಈ ಗಾಡಿ ಧಂದೆ ಸಾಕಾಗೈತಿ” ಎಂದ ಶಂಕ್ರಪ್ಪ. “ಹೊಸಾದು ನೀನ ತಗೋ. ರೊಕ್ಕ ನಾ ಕೊಡತೇನಿ, ತಿಂಗಳಾ ತಿಂಗಳಾ ಕಂತು ಕಟ್ಟು. ಅದಕ್ಕ ನಿಮ್ಮ ಮನಿ ಪತ್ರ ಅಡವ ಇಡು. ಹಳೇದನ್ನ ನಾ ಗುಜರಿಗೆ ಹಾಕಾಂವ.”

ಕೇಳಿದವರು, ನಸೀಬು ತೆರೆಯಿತು ನಿನ್ನದು, ಎಂದರು. ಉಳವಪ್ಪನಿಗೆ ಮಾತ್ರ ಅಂಜಿಕೆ. ತಗೊಂಡರೆ ಸಾಲ, ಬಿಟ್ಟರೆ ಓಡಿಸಲು ಗಾಡಿಯೇ ಇಲ್ಲ, ಕಟ್ಟಿಗೆ ಲಾರಿಯೇ ಗತಿ. ಮಾತು ಕೊಡಲು ಸಾಹುಕಾರ ಮೂರು ವಾರದ ಗಡುವು ಇಟ್ಟ. ಗಡುವು ಮುಗಿಯುವ ಸೋಮವಾರ ಹಳಿಯಾಳದಲ್ಲಿ ಕಾಗದ ಆಗಬೇಕು, ಇಲ್ಲವಾದರೆ ಗಾಡಿ ಬೇರೆಯವರಿಗೆ.

ಅಡವಿಡಬೇಕಾದ ಮನೆಯೆಂದರೆ ಅಂಬೇವಾಡಿಯ ಎರಡು ಕೋಣೆ. ಅದು ಅವನ ತಾಯಿ ಮುದಕವ್ವನ ಹೆಸರಿನಲ್ಲಿತ್ತು. ಗಂಡ ಸತ್ತ ಮೇಲೆ ಧಾರವಾಡದ ಕಡೆಯಿಂದ ಮಗನನ್ನು ಕಟ್ಟಿಕೊಂಡು ಬಂದವಳು, ಕಾಗದದ ಕಾರ್ಖಾನೆಯ ಒಂಟಿ ಗಂಡಸರಿಗೆ ಖಾನಾವಳಿ ನಡೆಸಿ ಕಟ್ಟಿಸಿದ ಮನೆ. ಮುಂದಿನ ಕೋಣೆಯಲ್ಲಿ ಕಾರ್ಖಾನೆಯವರು ಸಾಲಾಗಿ ಕೂತು ಉಣ್ಣುತ್ತಿದ್ದರು, ಹಿಂದಿನ ಕೋಣೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಮನೆ ಹೋದರೆ ಒಲೆಯೂ ಹೋಯಿತು. ಮಗ ತಡವರಿಸುತ್ತ ವಿಷಯ ಹೇಳಿದಾಗ ಅವಳು ಹಿಟ್ಟಿನ ಕೈ ಒರೆಸಿಕೊಳ್ಳದೆಯೇ ಕೇಳಿಸಿಕೊಂಡಳು.

“ಪತ್ರ ಟ್ರಂಕಿನ್ಯಾಗ ಐತಿ. ನೀ ಎಲ್ಲಿ ಬೆಟ್ಟು ಒತ್ತು ಅಂತಿ, ಅಲ್ಲಿ ಒತ್ತತೇನಿ.”

“ನಿನಗ ಅಂಜಿಕಿ ಬರೂದಿಲ್ಲೇನಬೇ?”

“ನೀ ಅದೀ ಅಲ್ಲ, ನಾ ಯಾಕ ಅಂಜಲಿ?”

ಬೇಡವೆಂದು ರಂಪ ಮಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅಂದಿನಿಂದ ಆ ಟ್ರಂಕಿನ ಕಡೆ ನೋಡಲೂ ಅವನಿಗೆ ಭಯ. ಉಣ್ಣಲು ಕೂತಾಗ ಬೆನ್ನು ಮಾಡಿ ಕೂಡುತ್ತಿದ್ದ.

ಉಸ್ತಾದನನ್ನೂ ಕೇಳಿದ. ಬಾಬಾಜಾನ ಬಡ್ಡಿಯ ದುಡ್ಡು ಮುಟ್ಟದ ಮನುಷ್ಯ, ಖಡಾಖಂಡಿತವಾಗಿ ಬೇಡವೆಂದಾನು ಎಂದುಕೊಂಡಿದ್ದ. ಅವನು ಹಾಗೆನ್ನಲಿಲ್ಲ. “ನನ್ನ ಧರ್ಮ ನನಗ, ನಿನ್ನ ಹೊಟ್ಟಿ ನಿನಗ. ಸಾಲ ಮಾಡಿ ಗಾಡಿ ತಗೊಂಡವರು ಉದ್ಧಾರ ಆಗಿದ್ದೂ ನೋಡೇನಿ, ಹಾಳಾಗಿದ್ದೂ ನೋಡೇನಿ. ಆದ್ರ ಒಂದು ಮಾತ ಹೇಳತೇನಿ ಬೇಟಾ, ಅವರ್ಯಾರೂ ಮೊದಲಿನಂಗ ಗಾಡಿ ಓಡಸಲಿಲ್ಲ” ಎಂದ. ಆ ಮಾತಿನ ಅರ್ಥ ಆಗ ಉಳವಪ್ಪನ ತಲೆಗೆ ಹೋಗಲಿಲ್ಲ. ಗಡುವು ಹತ್ತಿರ ಬಂದಂತೆ ಅವನ ಮನಸ್ಸು ಹೂಂ ಎನ್ನುವ ಕಡೆಗೇ ವಾಲಿತು. ಗಡುವಿನ ಹಿಂದಿನ ಶುಕ್ರವಾರ ಬೆಳಗಿನ ಹೊತ್ತಿಗೆ ಅವನು ಹೆಚ್ಚುಕಡಿಮೆ ಸಾಲಗಾರನೇ ಆಗಿದ್ದ, ಕಾಗದವೊಂದು ಆಗಿರಲಿಲ್ಲ.

ಅದೇ ಶುಕ್ರವಾರ ಸಾಹುಕಾರನ ಮನೆಯವರು ಗೋವಾಕ್ಕೆ ಹೊರಟರು. ಶಂಕ್ರಪ್ಪನ ತಾಯಿ ಸಿದ್ದಕ್ಕನಿಗೆ ಸಾಯುವುದರೊಳಗೆ ಒಮ್ಮೆ ಸಮುದ್ರ ನೋಡುವ ಆಸೆ. ಎಪ್ಪತ್ತರ ಮುದುಕಿ, ಹುಬ್ಬಳ್ಳಿಯಿಂದಾಚೆ ಏನೂ ಕಂಡವಳಲ್ಲ. ಮುಂದಿನ ಸೀಟಿನಲ್ಲಿ ಉಳವಪ್ಪನ ಪಕ್ಕ ತಾನೇ ಕೂಡುವೆನೆಂದು ಹಟ ಹಿಡಿದು ಕೂತಳು. ಹಿಂದೆ ಶಂಕ್ರಪ್ಪ, ಅವನ ಹೆಂಡತಿ ಗೋದುಬಾಯಿ, ಮತ್ತು ಎರಡು ದಿನಕ್ಕಾಗುವಷ್ಟು ರೊಟ್ಟಿಯ ಗಂಟು. ಜಗಲಬೇಟದ ದಾರಿ ಹಿಡಿದು ಅನಮೋಡ ಮುಟ್ಟುವ ತನಕ ಸಿದ್ದಕ್ಕ ಒಂದೇ ಸಮನೆ ಮಾತಾಡುತ್ತಿದ್ದಳು. ಮೂರು ವಾರದಲ್ಲಿ ಮೊದಲ ಸಲ ಉಳವಪ್ಪ ನಕ್ಕ.

ಅನಮೋಡದಲ್ಲಿ ಚಹಾ ಕುಡಿದು ಹೊರಡುವಾಗ ಸಾಹುಕಾರ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತೆಂದ. “ಹೊಸಾ ಗಾಡಿ ಬಂದ್ರ ಈ ಘಾಟು ತಿಂಗಳಿಗೆ ಹತ್ತು ಸಲ ಇಳೀತಿ ನೋಡು.”

ಹತ್ತು ಸಲ. ಉಳವಪ್ಪನ ತಲೆಯೊಳಗೆ ಹತ್ತು ಇಳಿತದ ಪೆಟ್ರೋಲು ಹರಿಯತೊಡಗಿತು. ಹತ್ತು ಇಳಿತದಲ್ಲಿ ಇಂಜಿನ್ ಸುಡುವುದೆಷ್ಟು, ಸುಡದಿದ್ದರೆ ಉಳಿಯುವುದೆಷ್ಟು, ಉಳಿದದ್ದು ಕಂತಿನ ಯಾವ ಮೂಲೆಗೆ ಸಾಕು. ಇಷ್ಟು ದಿನ ಅವನು ಘಾಟಿನಲ್ಲಿ ರಸ್ತೆಯನ್ನು ಬಿಟ್ಟು ಬೇರೇನನ್ನೂ ನೋಡಿದವನಲ್ಲ. ಇಂದು ಕಣ್ಣು ರಸ್ತೆಯ ಮೇಲಿತ್ತು, ಮನಸ್ಸು ಎಲ್ಲೋ ಇತ್ತು. ಮೊದಲ ತಿರುವು ಕಳೆದ ಮೇಲೆ ಗೇರ್ ತೆಗೆದ. ಚಾವಿ ತಿರುವಿದ. ಹಾಗೆ ಮಾಡಬೇಕೆಂದು ತೀರ್ಮಾನಿಸಿದ್ದು ಯಾವಾಗ ಎಂದು ಆಮೇಲೆ ಎಷ್ಟು ನೆನಪು ಮಾಡಿಕೊಂಡರೂ ಅವನಿಗೆ ಸಿಗಲಿಲ್ಲ.

ಸದ್ದು ನಿಂತಿತು. ಕಾರು ಹಗುರವಾಗಿ ಜಾರತೊಡಗಿತು.

“ಅಯ್ಯ, ಎಷ್ಟು ತಣ್ಣಗ ಹೊಂಟತೋ ತಮ್ಮಾ ಗಾಡಿ!” ಎಂದಳು ಸಿದ್ದಕ್ಕ. “ಹಕ್ಕಿ ಕೂಗೂದು ಕೇಳಾಕತ್ತೇತಿ ನೋಡು.”

ಎರಡು ತಿರುವು ಚೆನ್ನಾಗಿಯೇ ಹೋಯಿತು. ಮೂರನೆಯದರಲ್ಲಿ ಸುಟ್ಟ ಅರಿವೆಯಂಥ ವಾಸನೆ ಬಂತು. ಗೋದುಬಾಯಿ ಮೂಗಿಗೆ ಸೆರಗು ಹಿಡಿದಳು. ನಾಲ್ಕನೆಯ ತಿರುವಿಗೆ ಉಳವಪ್ಪ ಬ್ರೇಕು ಒತ್ತಿದಾಗ ಪೆಡಲು ಹಿಟ್ಟಿನ ಮುದ್ದೆಯಂತೆ ಮೆತ್ತಗೆ ಕೆಳಗಿಳಿದು ತಳ ಮುಟ್ಟಿತು. ಮತ್ತೆ ಒತ್ತಿದ. ಮತ್ತೆ ತಳ. ಹ್ಯಾಂಡ್ ಬ್ರೇಕು ಜಗ್ಗಿದ, ಅದು ಕರಕರ ಎಂದಿತೇ ಹೊರತು ಹಿಡಿಯಲಿಲ್ಲ. ಬಲಗಡೆ ಕಂದರ. ಕೆಳಗೆ ಮರಗಳ ತಲೆ ಕಾಣುತ್ತಿದ್ದವು, ಬುಡ ಕಾಣುತ್ತಿರಲಿಲ್ಲ.

ಚಾವಿ ತಿರುವಿದ, ಗೇರ್ ತುರುಕಿ ಕ್ಲಚ್ ಬಿಟ್ಟ. ಕಾರು ಒಮ್ಮೆ ಮುಗ್ಗರಿಸಿ, ಇಂಜಿನ್ ಎದ್ದು ಒದರಿತು. ಅದಕ್ಕಿಂತ ಕೆಳಗಿನ ಗೇರ್ ಹಾಕಬೇಕು, ಅದೊಂದೇ ಗಾಡಿಯನ್ನು ಹಿಡಿದೀತು. ಗೇರು ಹಲ್ಲು ಕಡಿಯಿತು, ಒಳಗೆ ಹೋಗಲಿಲ್ಲ. ವೇಗ ಏರುತ್ತಲೇ ಇತ್ತು. “ಉಳವ್ಯಾ!” ಎಂದು ಹಿಂದಿನಿಂದ ಶಂಕ್ರಪ್ಪ ಕೂಗಿದ. ಉಳವಪ್ಪನಿಗೆ ಅವ್ವನ ಮುಖ ನೆನಪಾಗಲಿಲ್ಲ, ದೇವರು ನೆನಪಾಗಲಿಲ್ಲ. ಪಕ್ಕದಲ್ಲಿ ಮಡಿಲ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದ ಮುದುಕಿಯೊಬ್ಬಳು ಕಂಡಳು, ಅಷ್ಟೇ. ಎಡಕ್ಕೆ ಗುಡ್ಡ ಇತ್ತು. ಸ್ಟಿಯರಿಂಗನ್ನು ಎಡಕ್ಕೆ ಎಳೆದ. ಚಕ್ರ ಚರಂಡಿಗೆ ಇಳಿದವು. ಕೆಂಪು ಕಲ್ಲಿನ ಗೋಡೆಗೆ ಕಾರು ಎಡಮೈ ಉಜ್ಜುತ್ತ, ಕಿರುಚುತ್ತ, ಬಾಗಿಲ ಹಿಡಿಕೆ ಕಿತ್ತುಕೊಂಡು, ಕೊನೆಗೆ ರಸ್ತೆ ಕೆಲಸದವರು ಸುರಿದಿದ್ದ ಜಲ್ಲಿ ಖಡಿಯ ರಾಶಿಗೆ ಮೂಗು ತೂರಿಸಿ ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ಗೋದುಬಾಯಿಯ ಬಳೆ ಒಡೆದಿದ್ದವು, ರೊಟ್ಟಿಯ ಗಂಟು ಬಿಚ್ಚಿ ಚೆಲ್ಲಿತ್ತು. ಉಳವಪ್ಪ ಇಳಿದು ಎರಡು ಹೆಜ್ಜೆ ನಡೆದು ರಸ್ತೆಯ ಮೇಲೆ ಕುಕ್ಕರಿಸಿ ವಾಂತಿ ಮಾಡಿಕೊಂಡ.

ಶಂಕ್ರಪ್ಪ ಬಂದು ಅವನನ್ನು ಎಬ್ಬಿಸಿ ಅಪ್ಪಿಕೊಂಡ. ಸಾಹುಕಾರನ ಕಣ್ಣಲ್ಲಿ ನೀರು. “ಬ್ರೇಕ್ ಹೋದ್ರೂ ಧೈರ್ಯ ಬಿಡಲಿಲ್ಲಲ್ಲೋ! ಬ್ಯಾರೇ ಯಾವನಾರ ಆಗಿದ್ರ ನಾವೆಲ್ಲಾ ಆ ಕಂದರದಾಗ ಇರ್ತಿದ್ವಿ.”

ಆಗ ಹೇಳಬೇಕಿತ್ತು. ಬಾಯಿ ತೆರೆದ. ಬಂದದ್ದು “ಹೂಂರಿ” ಎನ್ನುವುದೊಂದೇ.

ಸಮುದ್ರದ ಮಾತು ಅಲ್ಲಿಗೇ ನಿಂತಿತು. ಬೆಳಗಾವಿಯ ಕಡೆ ಹೊರಟಿದ್ದ ಲಾರಿಯೊಂದು ಎಲ್ಲರನ್ನೂ ಮೇಲಕ್ಕೆ ತಂದುಬಿಟ್ಟಿತು. ದಾರಿಯುದ್ದಕ್ಕೂ ಶಂಕ್ರಪ್ಪ ಉಳವಪ್ಪನ ಹೆಗಲ ಮೇಲೆ ಕೈಹಾಕಿಕೊಂಡೇ ಕೂತಿದ್ದ. ಇಳಿಯುವಾಗ ಹೇಳಿದ: “ಸೋಮವಾರ ಬಾ. ನಿಮ್ಮವ್ವನ ಮನಿ ಪತ್ರ ತರಬ್ಯಾಡ. ನಿನ್ನಂಥಾ ಡ್ರೈವರಿಗೆ ನಾ ಪತ್ರ ಕೇಳಿದ್ರ ನನ್ನ ಬಾಯಾಗ ಹುಳಾ ಬಿದ್ದಾವು. ನಿನ್ನ ಮಾತಿನ ಮ್ಯಾಲ ಕೊಡತೇನಿ.”

ನೋಡಿ, ಮೂರು ವಾರದಿಂದ ಅವನನ್ನು ಹಿಂಡುತ್ತಿದ್ದ ಭಯ ಅಲ್ಲಿಗೆ ತೀರಿತ್ತು. ಮನೆ ಉಳಿಯಿತು, ಹೊಸ ಗಾಡಿ ಬರುತ್ತದೆ, ಊರಲ್ಲಿ ಮರ್ಯಾದೆ ಬೇರೆ. ‘ಚಕ್ಕಡಿ’ ಎಂದವರೆಲ್ಲ ಶನಿವಾರ ಬಂದು ಕೈಕುಲುಕಿ ಹೋದರು. ಉಳವಪ್ಪನಿಗೆ ಮಾತ್ರ ತನ್ನ ಬಲಗೈಯನ್ನು ಕಂಡರೆ ಭಯವಾಗತೊಡಗಿತ್ತು. ಟ್ರಂಕಿಗಾದರೆ ಬೆನ್ನು ಮಾಡಿ ಕೂಡಬಹುದು. ಕೈಗೆ ಬೆನ್ನು ಮಾಡುವುದು ಹೇಗೆ?

ಆದಿತ್ಯವಾರ ಕಾರನ್ನು ಎಳೆದು ತಂದು ಬಾಬಾಜಾನನ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಉಸ್ತಾದ ಚಕ್ರ ಬಿಚ್ಚಿ ಬ್ರೇಕಿನ ಡ್ರಮ್ಮು ಕೈಯಲ್ಲಿ ಹಿಡಿದು ನೋಡುತ್ತಿದ್ದ. ಕಬ್ಬಿಣ ಕಾದು ನೀಲಿ ತಿರುಗಿತ್ತು. ಅಷ್ಟರಲ್ಲಿ ಬೇರೊಂದು ಬಾಡಿಗೆ ಕಾರಿನಲ್ಲಿ ಶಂಕ್ರಪ್ಪನೂ ಸಿದ್ದಕ್ಕನೂ ಬಂದಿಳಿದರು. ಮುದುಕಿ ಉಳವಪ್ಪನಿಗಾಗಿ ಅಂಗಿಯ ಬಟ್ಟೆ ತಂದಿದ್ದಳು. ಕೊಟ್ಟು, ಅವನ ಗಲ್ಲ ಸವರಿ, ಅಲ್ಲಿದ್ದವರಿಗೆಲ್ಲ ಕತೆ ಹೇಳಲು ಕೂತಳು.

“ನಾ ಒಂಚೂರೂ ಅಂಜಲಿಲ್ಲ ನೋಡ್ರಿ. ಮುಂದ ಈ ತಮ್ಮ ಕುಂತಿದ್ದ, ಯಾಕ ಅಂಜಲಿ? ಅದಕ್ಕಿಂತ ಮದ್ಲ ಎಷ್ಟು ಛಲೋ ಹೊಂಟಿತ್ತಂತೀರಿ! ಒಂದೀಟೂ ಸದ್ದಿಲ್ಲ. ಗಿಡದಾಗಿನ ಹಕ್ಕಿ ಕೂಗೂದು ಸುದ್ದಾ ಕೇಳತಿತ್ತು.”

ಬಾಬಾಜಾನನ ಕೈ ನಿಂತಿತು. “ಹಕ್ಕಿ ಯಾವಾಗ ಕೂಗಿದ್ವುರಿ ಆಯಿ? ಬ್ರೇಕ್ ಹೋದ ಮ್ಯಾಲೇನು?”

“ಮ್ಯಾಲ ಎಲ್ಲೀದು ಹಕ್ಕಿ! ಮದ್ಲ, ಮದ್ಲ.”

ಉಸ್ತಾದ ತಲೆಯೆತ್ತಿ ಉಳವಪ್ಪನ ಮುಖವನ್ನು ನೋಡಿದ. ಕೂಗಾಡಲಿಲ್ಲ. ಡ್ರಮ್ಮನ್ನು ತಂದು ಅವನ ಕಾಲ ಬಳಿ ಇಟ್ಟು, ಅರಿವೆಯಿಂದ ಕೈ ಒರೆಸಿಕೊಂಡ. ಅಲ್ಲಿದ್ದವರಲ್ಲಿ ಮತ್ತಾರಿಗೂ ಏನೂ ತಿಳಿಯಲಿಲ್ಲ. ಸಾಹುಕಾರ ಹೊಸ ಗಾಡಿಯ ಬಣ್ಣದ ಬಗ್ಗೆ ಮಾತಾಡುತ್ತಿದ್ದ.

ಅವರು ಹೋದ ಮೇಲೆ ಬಾಬಾಜಾನ ಕೇಳಿದ. “ನಾಳಿ ಹಳಿಯಾಳಕ್ಕ ಹೊಂಟಿಯೇನು?”

“ಹೊಂಟೇನ್ರಿ.”

“ಹೋಗಿ ಬಾ” ಎಂದು ಇನ್ನೊಂದು ಚಕ್ರ ಬಿಚ್ಚಲು ಹೋದ. ಇಷ್ಟು ವರ್ಷದಲ್ಲಿ ಮೊದಲ ಬಾರಿ ಅವನು ಬೇಟಾ ಎನ್ನಲಿಲ್ಲ.

ಸೋಮವಾರ ಹಳಿಯಾಳದಲ್ಲಿ ಶಂಕ್ರಪ್ಪನ ಅಂಗಡಿಯ ಗಾದಿಯ ಮೇಲೆ ಬರೆದಿಟ್ಟ ಕಾಗದ ಸಿದ್ಧವಿತ್ತು. ಮನೆಗೆ ಹೋಗುವ ಒಳಬಾಗಿಲ ಹೊಸ್ತಿಲ ಬಳಿ ಸಿದ್ದಕ್ಕ ಮೊರದಲ್ಲಿ ಜೋಳ ಕೇರುತ್ತ ಕೂತಿದ್ದಳು. ಉಳವಪ್ಪನನ್ನು ಕಂಡು ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. ಶಂಕ್ರಪ್ಪ ಪೆನ್ನು ಮುಂದೆ ಹಿಡಿದ. ಉಳವಪ್ಪ ಪೆನ್ನು ತೆಗೆದುಕೊಳ್ಳದೆ, ಅಂಗಿಯ ಬಟ್ಟೆಯನ್ನೂ ಹಳೆಯ ಕಾರಿನ ಚಾವಿಯನ್ನೂ ಗಾದಿಯ ಅಂಚಿನಲ್ಲಿಟ್ಟ.

“ಸಾವಕಾರ್ರ, ಬ್ರೇಕ್ ತಾನಾಗಿ ಹೋಗಲಿಲ್ರಿ. ಘಾಟಿನ್ಯಾಗ ನಾ ಇಂಜಿನ್ ಬಂದ್ ಮಾಡಿದ್ದೆ. ಅದಕ್ಕ ಬ್ರೇಕ್ ಕಾದು ಹೋತು.”

ಶಂಕ್ರಪ್ಪನ ಮುಖ ಕೆಂಪಾಯಿತು.

“ಯಾಕೋ?”

“ಪೆಟ್ರೋಲ್ ಉಳಸಾಕ್ರಿ.”

“ಪೆಟ್ರೋಲ್ ನಂದು, ಗಾಡಿ ನಂದು. ಉಳಿಸಿ ನಿನಗೇನು ಬರೂದಿತ್ತೋ ಹುಚ್ಚಾ?”

“ಏನೂ ಇಲ್ರಿ. ಹೊಸಾ ಗಾಡಿ ಬಂದ ಮ್ಯಾಲ ಕಂತು ಕಟ್ಟಾಕ ಹಿಂಗ ಇಳಸಬೇಕಾಗತೈತಿ ಅಂತ ತಲ್ಯಾಗ ಬಂತ್ರಿ. ಸಾಲ ಇನ್ನೂ ಕೈಗೆ ಬಂದಿಲ್ಲ, ಕೈ ಆಗಲೇ ರೂಢಿ ಮಾಡ್ಕೊಳ್ಳಾಕತ್ತಿತ್ತು. ಬಂದ ಮ್ಯಾಲ ನಾ ಎಷ್ಟು ಸಲ ಚಾವಿ ತಿರುವ್ತೇನೋ, ಹಿಂದ ಯಾರ್ಯಾರು ಕುಂತಿರತಾರೋ. ನನಗ ನನ್ನದ ಅಂಜಿಕಿ ಬಂದೈತ್ರಿ. ಸಾಲ ಬ್ಯಾಡ್ರಿ.”

ಸಾಹುಕಾರ ಎದ್ದು ನಿಂತ. ಹೊಡೆಯುತ್ತಾನೆಂದುಕೊಂಡ ಉಳವಪ್ಪ, ಹೊಡೆದರೆ ಒಳ್ಳೆಯದೆಂದೂ ಅಂದುಕೊಂಡ. ಅಷ್ಟರಲ್ಲಿ ಹೊಸ್ತಿಲ ಬಳಿ ಜೋಳ ಕೇರುವ ಸಪ್ಪಳ ನಿಂತದ್ದು ಇಬ್ಬರಿಗೂ ಕೇಳಿಸಿತು.

“ತಮ್ಮಾ,” ಎಂದಳು ಸಿದ್ದಕ್ಕ. “ನಾ ಹಕ್ಕಿ ಕೂಗತಾವ ಅಂದ್ನೆಲ್ಲ... ಅವಾಗೇನು?”

“ಹೂಂ ಆಯಿ. ಬಂದ್ ಮಾಡಿದ್ದಕ್ಕ ನಿಮಗ ಕೇಳಿಸಿದ್ವು.”

ಮುದುಕಿ ಅವನನ್ನು ನೋಡುತ್ತಲೇ ಇದ್ದಳು. ಕಣ್ಣಿನಲ್ಲಿ ಸಿಟ್ಟು ಕಾಣಲಿಲ್ಲ. ಅವಳ ಕೈಯಲ್ಲಿದ್ದ ಮೊರ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಡುಗತೊಡಗಿತು, ಜೋಳ ಅಂಚಿನಿಂದ ಹೊಸ್ತಿಲ ಮೇಲೆ ಉದುರತೊಡಗಿತು. ಘಾಟಿನಲ್ಲಿ, ಆ ಕಂದರದ ಪಕ್ಕದಲ್ಲಿ, ಮಡಿಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದವಳು ಮೂರು ದಿನ ತಡವಾಗಿ ತನ್ನ ಮನೆಯ ಹೊಸ್ತಿಲಲ್ಲಿ ಕೂತು ಅಂಜಿದಳು. “ಮುಂದ ನೀ ಕುಂತಿದ್ದಿ ಅಂತ...” ಎಂದು ಶುರುಮಾಡಿ, ಪೂರ್ತಿ ಮಾಡದೆ, ಒಳಗೆ ಎದ್ದು ಹೋದಳು.

ಅಂಗಿಯ ಬಟ್ಟೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಉಳವಪ್ಪ ಬಗ್ಗಿ ನಮಸ್ಕಾರ ಮಾಡಿ ಮೋಟಾರು ಸ್ಟ್ಯಾಂಡಿಗೆ ನಡೆದು ಬಂದ. ಹೊಸ ಅಂಬಾಸಡರ್ ಬೆಳಗಾವಿಯವರೊಬ್ಬರ ಪಾಲಾಯಿತು. ಆರು ತಿಂಗಳು ಕಟ್ಟಿಗೆ ಲಾರಿ ಹೊಡೆದ ಮೇಲೆ ಬಾಬಾಜಾನನೇ ಹೋಗಿ ಮಾತಾಡಿ ಕೂಲಿಕಾರರ ಬಸ್ಸಿನ ಕೆಲಸ ಕೊಡಿಸಿದ. ಖಡಖಡ ಬಡಿಯುವ ಹಳೆಯ ಬಸ್ಸು, ಒಳಗೆ ಕೂತವರು ಒಬ್ಬರ ಮಾತು ಒಬ್ಬರಿಗೆ ಕೇಳದೆ ಕೂಗಾಡುತ್ತಿದ್ದರು. ಕುಂಬಾರವಾಡದ ಇಳಿಜಾರಿನಲ್ಲಿ ಯಾರಾದರೂ, “ಉಳವಪ್ಪಾ, ತುಸು ಸದ್ದು ಕಡಿಮಿ ಮಾಡೋ ಮಾರಾಯಾ” ಎಂದರೆ ಅವನು ಕೇಳದವನಂತೆ ಕೂತು, ಗೇರನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸಿ ಇಂಜಿನ್ನನ್ನು ಮತ್ತಷ್ಟು ಒದರಿಸುತ್ತಿದ್ದ.